ಒಣ ಲೋಟ

ನಾರಿನ್ ಕಣಿವೆಯ ಶಾಲೆಯಲ್ಲಿ ಒಲೆ ಹಚ್ಚುವ ಕೆಲಸ ನನ್ನದು.
ನಾಲ್ಕಕ್ಕೆ ಏಳುತ್ತೇನೆ, ನಕ್ಷತ್ರಗಳಿನ್ನೂ ಹಸಿ.
ಕಲ್ಲಿದ್ದಲಿಗೆ ಬೆಂಕಿ ತಾಗಿಸಿ, ಊದಿ, ಕೆಮ್ಮಿ,
ಮಕ್ಕಳು ಬರುವಷ್ಟರಲ್ಲಿ ಗೋಡೆಯ ಮೂಳೆಗೆ
ಒಂದಿಷ್ಟು ಬಿಸಿ ಇಳಿಸಿರುತ್ತೇನೆ.
ಇಪ್ಪತ್ತೆರಡು ಚಳಿಗಾಲ. ಪಾಠ ಒಂದೂ ಬಾರದು ನನಗೆ;
ಯಾವ ಮಗುವಿನ ಬೂಟು ಎಲ್ಲಿ ತೂತು ಅಂತ ಬಲ್ಲೆ.

ಕಾರಿಡಾರಿನ ಕೊನೆಗೆ ಸಮಾವರ್, ಪಕ್ಕದ ಗೋಡೆಗೆ ಮೊಳೆಗಳು,
ಮೊಳೆಗೊಂದು ತಗಡಿನ ಲೋಟ, ಲೋಟಕ್ಕೊಂದು ಹೆಸರು.
ಸಂಜೆ ತೊಳೆಯುವವನೂ ನಾನೇ.
ಹಾಗಾಗಿ ತಿಳಿದದ್ದು:
ಬುರುಲ್ಚಾಳ ಲೋಟ ಒಣಗಿಯೇ ಇರುತ್ತದೆ.
ಒಂದು ದಿನವಲ್ಲ, ಅಕ್ಟೋಬರಿನಿಂದ.
ತಳದಲ್ಲಿ ನನ್ನ ಒಲೆಯದೇ ಮಸಿ.

ಏಳನೆಯ ತರಗತಿ. ಹದಿಮೂರು ವರ್ಷ.
ಹೋದ ವರ್ಷ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ,
ಈಗ ಮಧ್ಯಾಹ್ನವಾದರೆ ಹಣೆ ಮೇಜಿಗೆ.
"ಸೋಮಾರಿತನ" ಅಂದರು ಲೆಕ್ಕದ ಮೇಷ್ಟ್ರು ಮಾಮಿರ್ಕುಲ್.
"ವಯಸ್ಸು" ಅಂದರು ಹೆಡ್‌ಮಾಸ್ಟರು.
"ಪ್ರೀತಿ ಗೀತಿ ಇರಬಹುದು" ಅಂತ ನಕ್ಕರು ಇನ್ಯಾರೋ.
ನಾನು ಬೂದಿ ಎತ್ತುತ್ತಿದ್ದೆ.
ಬೂದಿ ಎತ್ತುವವನ ಮಾತಿಗೆ ಆ ಕೋಣೆಯಲ್ಲಿ ಕುರ್ಚಿಯಿಲ್ಲ.

ರಾತ್ರಿ ಹೆಂಡತಿ ಸೈರಗುಲ್‌ಗೆ ಹೇಳಿದೆ.
ಹಿಟ್ಟು ನಾದುತ್ತಿದ್ದಳು; ಕೈ ನಿಂತಿತು.
"ಕಕ್ಕಸು ಎಲ್ಲಿದೆ?"
ಇದೆಂಥ ಪ್ರಶ್ನೆ. ಮೈದಾನದ ಆಚೆ, ಬೇಲಿಯ ಹತ್ತಿರ,
ಹಲಗೆಯದು, ಎಪ್ಪತ್ತು ಹೆಜ್ಜೆ.
"ಚಿಲಕ?"
ಮುರಿದು ಮೂರು ವರ್ಷ.
"ಹುಡುಗರು ಚೆಂಡಾಡುವುದು?"
ಅದರ ಎದುರಿಗೇ.
ಮತ್ತೇನೂ ಕೇಳಲಿಲ್ಲ ಅವಳು. ಹಿಟ್ಟನ್ನು ಗುದ್ದಿದಳು,
ನನ್ನನ್ನೇ ಗುದ್ದಿದ ಹಾಗೆ.

ಇಷ್ಟು ವರ್ಷ ಬಿಸಿ ಕೊಟ್ಟೆನೆಂದು ಬೀಗಿದ್ದೆನಲ್ಲ,
ಅದೇ ಗೋಡೆಯ ಪಕ್ಕ ಒಬ್ಬ ಹುಡುಗಿ
ಬೆಳಗಿನ ಚಹಾವನ್ನೂ ಬಿಟ್ಟು,
ನಾಲಗೆ ಅಂಟುವವರೆಗೆ, ತಲೆ ಸಿಡಿಯುವವರೆಗೆ
ಮೈಗೇ ಬೀಗ ಜಡಿದು ಕೂತದ್ದನ್ನು
ಹಾಜರಿ ಪುಸ್ತಕದ ಯಾವ ಕಾಲಮಿನಲ್ಲಿ ಬರೆಯುತ್ತಾರೆ?
ಅದರಲ್ಲಿ ಅವಳು ದಿನವೂ ಹಾಜರು.

ಹೆಡ್‌ಮಾಸ್ಟರನ್ನು ಕೇಳಿದೆ. ಅರ್ಜಿ ಜಿಲ್ಲೆಗೆ ಹೋಗಿದೆ ಅಂದರು.
ಅರ್ಜಿಗೆ ಕಾಲಿಲ್ಲ, ದಾರಿಯಲ್ಲಿ ಹಿಮ.
ಭಾನುವಾರ ಯಾರೂ ಇಲ್ಲದಾಗ ಹೋದೆ.
ನನ್ನ ಕುದುರೆ ಲಾಯದ ಚಿಲಕ ಕಿತ್ತು ತಂದು ಜಡಿದೆ,
ಒಳಗಡೆಯಿಂದ.
ಬೇಸಿಗೆಯ ಡೇರೆಯ ಹಳೆ ಉಣ್ಣೆ ಹಾಸು ಕತ್ತರಿಸಿ
ಹಲಗೆಯ ಸಂದುಗಳಿಗೆಲ್ಲ ತುರುಕಿದೆ.
ಗೋಲು ಕಂಬಗಳನ್ನು ಕಿತ್ತು ಮೈದಾನದ ಇನ್ನೊಂದು ತುದಿಗೆ ನೆಟ್ಟೆ;
ನೆಲ ಕಬ್ಬಿಣ, ಹಾರೆ ಎರಡು ಸಲ ಮೊಂಡಾಯಿತು.
ಎಪ್ಪತ್ತು ಹೆಜ್ಜೆಯ ಹಿಮ ಬಾಚಿ
ಜಾರದ ಹಾಗೆ ಬೂದಿ ಚೆಲ್ಲಿದೆ.
ಬೂದಿಗೇನು, ಬೇಕಾದಷ್ಟಿತ್ತು.

ಸೋಮವಾರ, ಕಂಬಗಳೇ ನಡೆದು ಹೋಗಿವೆಯೆಂದು
ಹುಡುಗರು ನಕ್ಕರು. ಅಲ್ಲೇ ಆಡಿದರು.
ಸೈರಗುಲ್ ರೊಟ್ಟಿ ಕೊಡುವ ನೆಪದಲ್ಲಿ ಬಂದು
ಹುಡುಗಿಯರ ಕಿವಿಯಲ್ಲಿ ಏನೋ ಅಂದು ಹೋದಳು.

ಮಂಗಳವಾರ ಲೋಟ ಒಣ. ಬುಧವಾರ ಒಣ.
ನಂಬಿಕೆಯೂ ಕಲ್ಲಿದ್ದಲ ಹಾಗೆ,
ಮೊದಲು ಬರೀ ಹೊಗೆ.
ಮುಂದಿನ ವಾರ, ಯಾವ ದಿನವೋ ಮರೆತೆ,
ಲೋಟಗಳನ್ನು ಇಳಿಸುತ್ತಿದ್ದಾಗ
ಬುರುಲ್ಚಾಳದ್ದು ಬೆರಳಿಗೆ ತಣ್ಣಗೆ ತಾಗಿತು.
ತಳದಲ್ಲಿ ಒಂದು ಹನಿ, ಹನಿಯಲ್ಲಿ ಒಂದು ಚಹಾ ಎಲೆ.
ಸ್ವಲ್ಪ ಹೊತ್ತು ಹಿಡಿದು ನಿಂತೆ.
ಆಮೇಲೆ ತೊಳೆದೆ, ಉಳಿದವುಗಳ ಹಾಗೇ.

ಮಾಮಿರ್ಕುಲ್ ಮೇಷ್ಟ್ರು
ತಮ್ಮ ಪಾಠ ಸುಧಾರಿಸಿದೆ ಅಂದುಕೊಂಡಿದ್ದಾರೆ.
ಕುದುರೆಯನ್ನು ಈಗ ಹಗ್ಗದಲ್ಲಿ ಕಟ್ಟುತ್ತೇನೆ.
ಅದಕ್ಕೆ ಇದೆಲ್ಲ ಅರ್ಥವಾದಂತೆ ಕಾಣುವುದಿಲ್ಲ.